ಬೇಲಿಯ ಎಕ್ಕದಿಂದ ಅಡುಗೆಮನೆಯ ರಾಗಿಯವರೆಗೆ: ಹತ್ತಿರದ ಛಾಯಾಗ್ರಹಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಿಂದ ದೇವರಾಯನದುರ್ಗದ ಕಡೆಗೆ ಹೋಗುವ ರಸ್ತೆಯ ಅಂಚಿನಲ್ಲಿ, ಬೇಲಿಯ ಮುಂದೆ ಮಂಡಿಯೂರಿ ಕುಳಿತಿರುವ ನನ್ನನ್ನು ಕಂಡು ಬೈಕು ನಿಲ್ಲಿಸಿ, "ಏನ್ ಸಾರ್, ಏನಾದ್ರೂ ಕಳ್ದೋಯ್ತಾ?" ಎಂದು ವಿಚಾರಿಸುವವರು ಇಂದಿಗೂ ಇದ್ದಾರೆ. ಕಳೆದುಹೋಗಿದ್ದು ಏನೂ ಇಲ್ಲ, ಹುಳದ ಫೋಟೊ ತೆಗೆಯುತ್ತಿದ್ದೇನೆ ಎಂದಾಗ ಅವರು ಕೇಳುವ ಮುಂದಿನ ಪ್ರಶ್ನೆಯಿಂದಲೇ ಈ ಪುಟವೂ ಆರಂಭವಾಗುತ್ತದೆ. ಉಳಿದವು ಭಾನುವಾರದ ಬೆಳಗಿನ ತಿರುಗಾಟಕ್ಕೆ ಜೊತೆಯಾಗುವ ಗೆಳೆಯರು, ವಿದ್ಯಾರ್ಥಿಗಳು ಮತ್ತು ರೈತರು ಕೇಳುತ್ತ ಬಂದಿರುವ ಪ್ರಶ್ನೆಗಳು.

ಮಿಡತೆ, ನೊಣ, ಜೇಡಗಳಲ್ಲಿ ಚಂದವೆನ್ನುವುದು ಏನಿದೆ? ಫೋಟೊ ತೆಗೆಯಲು ನವಿಲು, ಜಿಂಕೆ ಇಲ್ಲವೇ?

ಇವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳೂ ಇವೆ. ಮೊಳದುದ್ದದ ಲೆನ್ಸು ಹಿಡಿದು ಅವುಗಳಿಗಾಗಿ ಕಾಯುವವರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ಅವರು ನಿಂತಿರುವ ಹುಲ್ಲಿನಲ್ಲಿಯೇ, ಅವರ ಬೂಟಿನಿಂದ ಒಂದು ಗೇಣು ದೂರದಲ್ಲಿ, ಒಣಹುಲ್ಲಿನದೇ ಬಣ್ಣದ ಸೂರ್ಯನ ಕುದುರೆಯೊಂದು ಮುಂಗಾಲು ಮಡಚಿಕೊಂಡು, ಕತ್ತು ಹೊರಳಿಸಿ ಅವರನ್ನೇ ನೋಡುತ್ತಿರುವ ಸಾಧ್ಯತೆ ಇದೆ ಎಂಬುದನ್ನು ಮಾತ್ರ ನೆನಪಿಸಬಯಸುತ್ತೇನೆ.

ನನ್ನ ವಯಸ್ಸಿನವರಿಗೆ ಜೀರ್ಜಿಂಬೆಯ ಉದಾಹರಣೆ ಕೊಟ್ಟರೆ ಸಾಕಾಗುತ್ತದೆ. ಮಳೆಗಾಲದಲ್ಲಿ ಜಾಲಿಮರದಿಂದ ಅದನ್ನು ಹಿಡಿದು, ಜಾಲಿಸೊಪ್ಪಿನ ಜೊತೆ ಬೆಂಕಿಪೊಟ್ಟಣದಲ್ಲಿಟ್ಟು, ಪಾಠದ ನಡುವೆ ಮೊಟ್ಟೆಯಿಟ್ಟಿದೆಯೇ ಎಂದು ಕದ್ದು ನೋಡಿದವರು ನಾವು. ಅದರ ಮೈಮೇಲಿನ ಹಸಿರು ಬಣ್ಣದ ಪುಡಿಯಿಂದ ಬಂದುದಲ್ಲ. ಬೆನ್ನಿನ ಚಿಪ್ಪಿನಲ್ಲಿ ಒಂದರ ಮೇಲೊಂದು ಜೋಡಿಸಿಕೊಂಡಿರುವ ಅತಿ ತೆಳುವಾದ ಪದರಗಳಿಗೆ ತಾಗಿ ಮರಳುವ ಬೆಳಕು ಒಂದರೊಡನೊಂದು ಸೇರಿ ಕೆಲವು ಬಣ್ಣಗಳನ್ನು ಹೆಚ್ಚಿಸಿ ಉಳಿದವನ್ನು ಅಳಿಸುತ್ತದೆ. ಆದ್ದರಿಂದಲೇ ಹುಳವನ್ನು ಸ್ವಲ್ಪ ಓರೆ ಮಾಡಿದರೆ ಹಸಿರು ನೀಲಿಗೆ ತಿರುಗುತ್ತದೆ, ಹುಳು ಸತ್ತು ವರ್ಷಗಳು ಕಳೆದರೂ ಹೊಳಪು ಮಾಸುವುದಿಲ್ಲ. ಇಂಥ ದುಂಬಿಗಳ ರೆಕ್ಕೆಚಿಪ್ಪನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ದೇಶದ ಕಸೂತಿಗಾರರು ಬಟ್ಟೆಗೆ ಹೊಲಿಯುತ್ತಿದ್ದರು. ಅಂದು ನಮ್ಮ ಜೇಬಿನಲ್ಲಿದ್ದ ವಸ್ತುವನ್ನು ಇಂದು ನಾವೇ "ಹುಳ" ಎಂದು ಪೊರಕೆಯಿಂದ ಗುಡಿಸುತ್ತೇವೆ.

ಹುಳಗಳ ಫೋಟೊಕ್ಕೆ ಎಲ್ಲಿಗೆ ಹೋಗಬೇಕು?

ಮೊದಲ ಆರು ತಿಂಗಳು ಎಲ್ಲಿಗೂ ಹೋಗಬಾರದೆಂಬುದು ನನ್ನ ಸಲಹೆ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಒಂದೇ ಒಂದು ಗಿಡವನ್ನು ಆರಿಸಿಕೊಂಡು, ವಾರಕ್ಕೆರಡು ಬಾರಿ ಅದರ ಮುಂದೆ ಅರ್ಧ ಗಂಟೆ ಕುಳಿತುಕೊಳ್ಳಿ. ಹೊಸ ಜಾಗಕ್ಕೆ ಹೋದವನು ಎದ್ದು ಕಾಣುವುದನ್ನಷ್ಟೇ ತೆಗೆದುಕೊಂಡು ಬರುತ್ತಾನೆ. ಹತ್ತನೆಯ ಸಲ ಅದೇ ಗಿಡಕ್ಕೆ ಹೋದವನಿಗೆ, ಮೊದಲ ಒಂಬತ್ತು ಸಲವೂ ಅಲ್ಲಿಯೇ ಇದ್ದು ಕಣ್ಣಿಗೆ ಬೀಳದಿದ್ದುದು ಕಾಣಲು ಶುರುವಾಗುತ್ತದೆ.

ಯಾವ ಗಿಡ ಎಂದರೆ, ಎಕ್ಕ. ಖಾಲಿ ಸೈಟು, ರೈಲ್ವೆ ಹಳಿಯ ಪಕ್ಕ, ಕೆರೆ ಏರಿ, ಎಲ್ಲಿ ಬೇಕಾದರೂ ಬೆಳೆಯುವ ಈ ಗಿಡವನ್ನು ದನಕರುಗಳು ಮುಟ್ಟುವುದಿಲ್ಲವಾದರೂ, ಅದರ ವಿಷದ ಹಾಲಿಗೆ ಒಗ್ಗಿಕೊಂಡ ಒಂದು ಸಂಸಾರವೇ ಅಲ್ಲಿ ನೆಲೆಸಿರುತ್ತದೆ. ಎಲೆಯ ಅಡಿ ಬಗ್ಗಿ ನೋಡಿದರೆ ಅರಿಶಿನದ ಹರಳು ಚೆಲ್ಲಿದಂತೆ ಹಳದಿ ಸಸ್ಯಹೇನುಗಳು ಕಾಣುತ್ತವೆ. ಅವುಗಳನ್ನು ತಿನ್ನಲು ಗುಲಗಂಜಿ ಹುಳುಗಳು ಬಂದಿರುತ್ತವೆ. ಹಳದಿ ಮೈಮೇಲೆ ನೀಲಿ ಪಟ್ಟೆ ಎಳೆದುಕೊಂಡ ಎಕ್ಕದ ಮಿಡತೆ, ಯಾರಿಗೂ ಹೆದರಬೇಕಾಗಿಲ್ಲ ಎಂಬಂತೆ ನಿಧಾನವಾಗಿ ಎಲೆ ಕತ್ತರಿಸುತ್ತಿರುತ್ತದೆ. ಕಪ್ಪು, ಬಿಳಿ, ಹಳದಿ ಬಳೆ ತೊಟ್ಟಂಥ ಪ್ಲೇನ್ ಟೈಗರ್ ಚಿಟ್ಟೆಯ ಮರಿಹುಳುವೂ ಇದೇ ಎಲೆಯನ್ನು ತಿಂದು, ಎಲೆಯ ವಿಷವನ್ನು ತನ್ನ ಮೈಗೂಡಿಸಿಕೊಂಡು, ಮುಂದೆ ಚಿಟ್ಟೆಯಾದಾಗ ಹಕ್ಕಿಗಳ ಭಯವಿಲ್ಲದೆ ಹಾರಾಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಹೂವಿಗೆ ಗುಂಯ್‌ಗುಡುತ್ತ ಬರುವ ದಪ್ಪ ಕರಿದುಂಬಿ ಮರ ಕೊರೆದು ಗೂಡು ಮಾಡುವ ಜೇನಿನ ಜಾತಿಯದು. ಒಂದು ಎಚ್ಚರಿಕೆ: ಎಕ್ಕದ ಹಾಲು ಕೈಗೆ ತಾಗಿದ್ದರೆ ತೊಳೆಯುವ ತನಕ ಕಣ್ಣುಜ್ಜಬೇಡಿ, ಅದು ಕಣ್ಣಿಗೆ ನಿಜವಾದ ಅಪಾಯ ಮಾಡುತ್ತದೆ.

ಮೇಲಂತಸ್ತಿನ ಮನೆಯವರು ಕುಂಡದಲ್ಲಿ ಒಂದು ಕರಿಬೇವಿನ ಗಿಡವಿಡಲಿ. ಅದರ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಬಿದ್ದಿರುವುದು ಕಾಮನ್ ಮಾರ್ಮನ್ ಚಿಟ್ಟೆಯ ಎಳೆಯ ಮರಿಹುಳುವಾಗಿರಬಹುದು. ಬೆಳೆದಂತೆ ಅದು ಎಲೆಹಸಿರಿಗೆ ತಿರುಗುತ್ತದೆ; ಹುಲ್ಲುಕಡ್ಡಿಯಿಂದ ಮೆಲ್ಲಗೆ ತಡವಿದರೆ ತಲೆಯ ಹಿಂದಿನಿಂದ ಕೆಂಪು ಕವಲುಕೊಂಬನ್ನು ಚಾಚಿ ಘಾಟು ವಾಸನೆ ಬಿಡುತ್ತದೆ. ಒಂದು ಸಲ ನೋಡಿ, ಸಾಕು; ಮತ್ತೆ ಮತ್ತೆ ಕೆಣಕಬೇಡಿ.

ದುಬಾರಿ ಕ್ಯಾಮೆರಾ ಬೇಕೇ? ಮೊಬೈಲಿನಲ್ಲಿ ಆಗುವುದಿಲ್ಲವೇ?

ಆಗುತ್ತದೆ. ತೀರ ಹತ್ತಿರದ್ದನ್ನು ದೊಡ್ಡದು ಮಾಡಿ ತೋರಿಸುವ, ಮೊಬೈಲಿಗೆ ಕ್ಲಿಪ್ಪಿನಂತೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸಿನಿಂದ ಇರುವೆಯ ಮೀಸೆಯವರೆಗೆ ಹೋಗಬಹುದು, ಆದರೆ ಹುಳದಿಂದ ಎರಡು ಮೂರು ಸೆಂಟಿಮೀಟರಿನಷ್ಟು ಹತ್ತಿರಕ್ಕೆ ಹೋಗಬೇಕಾಗುತ್ತದೆ. ಅಷ್ಟರಲ್ಲಿ ಹುಳವೇ ಎದ್ದು ಹೋಗಿರುತ್ತದೆ. ಕಲ್ಲು, ಕಾಳು, ಎಲೆ, ತುಕ್ಕುಗಳಿಗೆ ಆ ತೊಂದರೆ ಇಲ್ಲವಾದ್ದರಿಂದ ಮೊಬೈಲಿನವರು ಅಲ್ಲಿಂದ ಆರಂಭಿಸುವುದು ಜಾಣತನ.

ಕ್ಯಾಮೆರಾ ಇದ್ದು ಮ್ಯಾಕ್ರೊ ಲೆನ್ಸಿಗೆ ಹಣವಿಲ್ಲದವರಿಗೆ ಮೂರು ದಾರಿಗಳಿವೆ. ಮೊದಲನೆಯದು ಎಕ್ಸ್‌ಟೆನ್ಷನ್ ಟ್ಯೂಬ್: ಲೆನ್ಸನ್ನು ಕ್ಯಾಮೆರಾದಿಂದ ದೂರ ಸರಿಸುವ, ಒಳಗೆ ಗಾಜಿಲ್ಲದ ಟೊಳ್ಳು ಬಳೆ. ಐವತ್ತು ಮಿಲಿಮೀಟರಿನ ಲೆನ್ಸಿಗೆ 25 ಮಿಲಿಮೀಟರಿನ ಟ್ಯೂಬು ಸೇರಿಸಿದರೆ ವಸ್ತುವಿನ ಅರ್ಧದಷ್ಟು, 50 ಮಿಲಿಮೀಟರಿನಷ್ಟು ಸೇರಿಸಿದರೆ ವಸ್ತುವಿನಷ್ಟೇ ದೊಡ್ಡ ಬಿಂಬ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರಿನ ಮೇಲೆ ಮೂಡುತ್ತದೆ. ಎರಡನೆಯದು, ಇರುವ ಲೆನ್ಸಿನ ಮುಂದೆಯೇ ಸಿಕ್ಕಿಸುವ ರೇನಾಕ್ಸ್ ಡಿಸಿಆರ್-250ರಂಥ ಕ್ಲೋಸಪ್ ಗಾಜು. ಕನ್ನಡಕದ ಪವರನ್ನು ಅಳೆಯುವ ಲೆಕ್ಕದಲ್ಲೇ ಇದರ ಶಕ್ತಿ 8 ಡಯಾಪ್ಟರ್; ಹಾಕುವುದೂ ತೆಗೆಯುವುದೂ ಕ್ಷಣದ ಕೆಲಸ.

ಮೂರನೆಯದು ನಾನು ಕಲಿತ ದಾರಿ: ರಿವರ್ಸ್ ರಿಂಗ್ ಹಾಕಿ ಲೆನ್ಸನ್ನು ಹಿಂದುಮುಂದಾಗಿ ಜೋಡಿಸುವುದು. ಕ್ಯಾಮೆರಾದ ಜೊತೆಯಲ್ಲೇ ಬರುವ 18-55 ಮಿಲಿಮೀಟರಿನ ಜೂಮ್ ಲೆನ್ಸನ್ನು ಹೀಗೆ ತಿರುಗಿಸಿದರೆ, ಅಗಲ ಕೋನದ ತುದಿಯಲ್ಲಿ ಅದು ಸೊಳ್ಳೆಯನ್ನು ಹದ್ದಿನಷ್ಟು ಮಾಡಿ ತೋರಿಸುತ್ತದೆ. ಇಂದಿನ ಹಲವು ಲೆನ್ಸುಗಳಲ್ಲಿ ಅಪರ್ಚರನ್ನು, ಅಂದರೆ ಬೆಳಕು ಒಳಬರುವ ಕಂಡಿಯ ಅಗಲವನ್ನು, ಬದಲಿಸುವ ಬಳೆಯಿಲ್ಲದಿರುವುದು ಇಲ್ಲಿನ ತೊಡಕು. ರೀಲು ಕ್ಯಾಮೆರಾಗಳ ಕಾಲದ, ಬಳೆಯಿರುವ 50 ಮಿಲಿಮೀಟರ್ ಲೆನ್ಸು ಹಳೆಯ ಸ್ಟುಡಿಯೊಗಳ ಬೀರುವಿನಲ್ಲಿ ಬೂಷ್ಟು ಹಿಡಿಯುತ್ತ ಕುಳಿತಿರುತ್ತದೆ, ವಿಚಾರಿಸಿ ನೋಡಿ.

ಎಷ್ಟು ಪ್ರಯತ್ನಿಸಿದರೂ ಹುಳದ ಒಂದು ಭಾಗ ಮಾತ್ರ ಸ್ಪಷ್ಟವಾಗಿ, ಉಳಿದದ್ದೆಲ್ಲ ಮಸುಕಾಗುತ್ತದೆ. ನನ್ನ ತಪ್ಪೇನು?

ತಪ್ಪು ನಿಮ್ಮದಲ್ಲ. ಬಿಂಬ ವಸ್ತುವಿನಷ್ಟೇ ದೊಡ್ಡದಾದಾಗ, ಫುಲ್‌ಫ್ರೇಮ್ (ಹಳೆಯ ರೀಲಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಅಪರ್ಚರನ್ನು ಎಫ್/8ಕ್ಕೆ ಇಟ್ಟರೂ ಸ್ಪಷ್ಟವಾಗಿರುವ ಆಳ ಸುಮಾರು ಒಂದು ಮಿಲಿಮೀಟರ್ ಮಾತ್ರ. ಹೆಚ್ಚು ಕಡಿಮೆ ಒಂದು ರಾಗಿಕಾಳಿನಷ್ಟು. ಅಪರ್ಚರನ್ನು ಎಫ್/22ರ ತನಕ ಕಿರಿದು ಮಾಡಿದರೆ ಆಳ ಹೆಚ್ಚುವುದು ನಿಜವಾದರೂ, ಬೆಳಕು ಕಿರಿದಾದ ಕಂಡಿಯಲ್ಲಿ ಚದುರಿ ಇಡೀ ಚಿತ್ರವೇ ಮಂಜಾಗುತ್ತದೆ. ನಾನು ಎಫ್/8ರಿಂದ ಎಫ್/11ರ ಒಳಗೇ ಉಳಿಯುತ್ತೇನೆ.

ಇರುವ ಒಂದು ಮಿಲಿಮೀಟರನ್ನು ಎಲ್ಲಿ ಖರ್ಚು ಮಾಡಬೇಕೆಂದು ಮೊದಲೇ ತೀರ್ಮಾನಿಸಿ. ಚಿಟ್ಟೆ ರೆಕ್ಕೆ ಮಡಚಿ ಕುಳಿತಿದ್ದರೆ, ಕ್ಯಾಮೆರಾದ ಹಿಂಬದಿ ಆ ರೆಕ್ಕೆಗೆ ಸಮಾನಾಂತರವಾಗಿರುವಂತೆ ಪಕ್ಕಕ್ಕೆ ಸರಿದರೆ ಇಡೀ ರೆಕ್ಕೆ ಸ್ಪಷ್ಟವಾಗುತ್ತದೆ. ಎದುರಿನಿಂದ ತೆಗೆಯುವುದಾದರೆ ಕಣ್ಣು ಸ್ಪಷ್ಟವಾಗಿರಲಿ, ಬಾಲ ಮಸುಕಾದರೆ ಯಾರೂ ಕೇಳುವುದಿಲ್ಲ. ಆಟೊಫೋಕಸನ್ನು ನಿಲ್ಲಿಸಿ, ಫೋಕಸನ್ನು ಒಂದು ಕಡೆ ಕಟ್ಟಿಹಾಕಿ, ನೀವೇ ಉಸಿರು ಬಿಗಿಹಿಡಿದು ಕೂದಲೆಳೆಯಷ್ಟು ಹಿಂದೆ ಮುಂದೆ ತೂಗುತ್ತ ಕ್ಲಿಕ್ಕಿಸುವುದೇ ಹೆಚ್ಚು ಫಲ ಕೊಡುವ ಕ್ರಮ. ಇಪ್ಪತ್ತರಲ್ಲಿ ಒಂದು ಸರಿಬಂದರೆ ಅದು ಒಳ್ಳೆಯ ದಿನ.

ಫ್ಲಾಶ್ ಹಾಕಿದರೆ ದುಂಬಿಯ ಬೆನ್ನ ಮೇಲೆ ಬಿಳಿ ಚುಕ್ಕೆ ಬೀಳುತ್ತದೆ. ಇದಕ್ಕೆ ಪರಿಹಾರವೇನು?

ನುಣುಪಾದ ಬೆನ್ನು ಕನ್ನಡಿಯಿದ್ದಂತೆ. ಅದರಲ್ಲಿ ನಿಮ್ಮ ಫ್ಲಾಶಿನ ಬಿಂಬವೇ ಕಾಣುತ್ತಿದೆ. ಬೆಳಕಿನ ಮೂಲವನ್ನು ಹುಳಕ್ಕೆ ಹೋಲಿಸಿದರೆ ದೊಡ್ಡದಾಗಿಯೂ ಹತ್ತಿರವಾಗಿಯೂ ಮಾಡುವುದೊಂದೇ ಪರಿಹಾರ. ಬೇಕರಿಯವರು ಬಳಸುವ ಬಟರ್ ಪೇಪರ್, ಟಿವಿ ಪೆಟ್ಟಿಗೆಯೊಳಗೆ ಬರುವ ತೆಳು ಬಿಳಿ ಫೋಮ್ ಹಾಳೆ, ತೊಳೆದು ಒಣಗಿಸಿದ ಬಿಳಿಯ ಹಾಲಿನ ಕವರು, ಇವುಗಳಲ್ಲಿ ಯಾವುದನ್ನಾದರೂ ಫ್ಲಾಶಿನಿಂದ ಲೆನ್ಸಿನ ತುದಿಯವರೆಗೆ ಚಪ್ಪರದಂತೆ ಬಾಗಿಸಿ ಕಟ್ಟಿದರೆ, ಚುಕ್ಕೆಯ ಜಾಗದಲ್ಲಿ ಮೃದುವಾದ ಹೊಳಪು ಮಾತ್ರ ಉಳಿಯುತ್ತದೆ. ನನ್ನ ಈಗಿನ ಚಪ್ಪರ ಒಂದು ಬಿಸ್ಕತ್ತಿನ ಡಬ್ಬಿ ಮತ್ತು ಎರಡು ಪದರ ಬಟರ್ ಪೇಪರಿನದು. ಮದುವೆ ಮನೆಗೆ ಕ್ಯಾಮೆರಾ ಒಯ್ದಾಗ ಅದನ್ನು ಬಿಚ್ಚಿಟ್ಟು ಹೋಗುತ್ತೇನೆ, ಅಷ್ಟು ಮಾನ ಉಳಿಸಿಕೊಂಡಿದ್ದೇನೆ.

ಫ್ಲಾಶಿನ ಇನ್ನೊಂದು ಉಪಕಾರವೆಂದರೆ, ಕಡಿಮೆ ಪವರಿನಲ್ಲಿ ಅದು ಬೆಳಗುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತಾದ್ದರಿಂದ ಗಾಳಿಯ ಅಲುಗಾಟವೂ ಕೈನಡುಕವೂ ಚಿತ್ರದಲ್ಲಿ ಕಾಣುವುದಿಲ್ಲ.

ಯಾವ ಕಾಲ, ಯಾವ ಹೊತ್ತು ಒಳ್ಳೆಯದು?

ಹೊತ್ತಿನ ಪ್ರಶ್ನೆಗೆ ಉತ್ತರ ಸುಲಭ: ಬಿಸಿಲೇರುವ ಮುನ್ನ. ಕೀಟಗಳ ಮೈ ಬಿಸಿಯಾಗದೆ ಅವು ಹಾರಲಾರವು. ತಣ್ಣನೆಯ ಬೆಳಗಿನಲ್ಲಿ ಮಕ್ಕಳ "ಹೆಲಿಕಾಪ್ಟರ್ ಚಿಟ್ಟೆ"ಯೂ ಹುಲ್ಲಿನ ತುದಿಯಲ್ಲಿ ಮೈತುಂಬ ಇಬ್ಬನಿ ಹೊತ್ತು ಕದಲದೆ ಕುಳಿತಿರುತ್ತದೆ.

ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ, ನಮ್ಮ ಈ ಮೂರು ಜಿಲ್ಲೆಗಳಿಗೆ ಮಾಗಿಯಷ್ಟು ಒಳ್ಳೆಯ ಕಾಲ ಬೇರೆ ಇಲ್ಲ. ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರದ ಕಡೆಯ ಅವರೆ ಹೊಲಕ್ಕೆ ಆರು ಗಂಟೆಗೆ ಹೋಗಿ ನಿಂತರೆ, ಸೊಗಡಿನ ಘಮದ ನಡುವೆ ಒಂದೊಂದು ಗಿಡಕ್ಕೂ ಒಂದೊಂದು ಜೇಡರಬಲೆ, ಒಂದೊಂದು ಎಳೆಗೂ ಸಾಸಿವೆಯಷ್ಟು ಹನಿಗಳ ಸರ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹೂ ಬಿಟ್ಟಾಗ ಜೇನುನೊಣಗಳ ಕಾಲಿನ ಪರಾಗದ ಚೀಲವನ್ನು ತೆಗೆಯಬಹುದು. ಹುಲ್ಲಿನ ಎಲೆಯ ತುದಿಯಲ್ಲಿ ನಿಂತ ಹನಿಯನ್ನು ಎಲ್ಲರೂ ಇಬ್ಬನಿ ಎನ್ನುತ್ತಾರೆ. ಎಲೆಯಂಚಿನ ಉದ್ದಕ್ಕೂ ಒಂದೇ ಅಂತರದಲ್ಲಿ ಮುತ್ತು ಪೋಣಿಸಿದಂತಿದ್ದರೆ ಬಹುಪಾಲು ಅದು ಮೇಲಿನಿಂದ ಬಿದ್ದ ನೀರಲ್ಲ, ಬೇರು ಎಳೆದುಕೊಂಡ ನೀರನ್ನು ಗಿಡವೇ ರಾತ್ರಿ ಹೊರದೂಡಿದ್ದು. ಹನಿಯೊಳಗೆ ಹಿಂದಿನ ಹೂವು ತಲೆಕೆಳಗಾಗಿ ಕಾಣುವ ಚಿತ್ರವನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ, ಅದನ್ನು ನೋಡಿ ನೋಡಿ ಸಾಕಾಗಿದೆ.

ಮುಂಗಾರಿನ ಮೊದಲ ಹದಮಳೆಯ ನಂತರದ ಎರಡು ಮೂರು ದಿನಗಳನ್ನೂ ತಪ್ಪಿಸಿಕೊಳ್ಳಬಾರದು. ಸಂಜೆ ಬೀದಿದೀಪಕ್ಕೆ ಈಸುಳ್ಳಿ ಏಳುತ್ತವೆ. ಬೆಳಿಗ್ಗೆ ಕೆಮ್ಮಣ್ಣಿನ ಮೇಲೆ ಇಂದ್ರಗೋಪಗಳು, ಯಾರೋ ಮಖಮಲ್ಲಿನ ಗುಂಡಿ ಉದುರಿಸಿಕೊಂಡು ಹೋದಂತೆ, ಓಡಾಡುತ್ತಿರುತ್ತವೆ. ಹಳೆಯ ಕಾವ್ಯಗಳ ಮಳೆಗಾಲದ ವರ್ಣನೆಯಲ್ಲಿ ಬರುವ ಇಂದ್ರಗೋಪ ಇದೇ. ಅದು ಕೀಟವಲ್ಲ, ಎಂಟು ಕಾಲಿನ ನುಸಿ.

ಹುಳು ಅಲುಗಾಡದಿರಲು ಫ್ರಿಜ್ಜಿನಲ್ಲಿಟ್ಟು ತೆಗೆಯುತ್ತಾರಂತೆ?

ಕೆಲವರು ಹಾಗೆ ಮಾಡುತ್ತಾರೆ. ಅಂಟು ಹಚ್ಚಿ ನಿಲ್ಲಿಸುವವರೂ ಇದ್ದಾರೆ. ನಾವು ಮಾಡುವುದಿಲ್ಲ. ಹಾಗೆ ತೆಗೆದ ಚಿತ್ರದಲ್ಲಿ ಕಾಲುಗಳ ಹಿಡಿತ ಸುಳ್ಳಾಗಿರುವುದು ಅಭ್ಯಾಸವಾದ ಕಣ್ಣಿಗೆ ತಟ್ಟನೆ ಗೊತ್ತಾಗುತ್ತದೆ.

ಶಿಡ್ಲಘಟ್ಟದ ಕಡೆ ರೇಷ್ಮೆ ಹುಳುವಿನ ಮನೆಯಲ್ಲಿ ಫೋಟೊ ತೆಗೆಯಬಹುದೇ?

ಮನೆಯವರು ಒಪ್ಪಿದರೆ ತೆಗೆಯಬಹುದು, ಆದರೆ ಇದು ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಡುವ ಜಾಗ. ನಾನು ಮೊದಲ ಸಲ ಹೋದಾಗ ಸೊಳ್ಳೆಗೆ ಹೆದರಿ ಕೈಕಾಲಿಗೆಲ್ಲ ಮುಲಾಮು ಬಳಿದುಕೊಂಡು ಹೋಗಿದ್ದೆ. ಬಾಗಿಲಿನಲ್ಲಿಯೇ ಮೂಗರಳಿಸಿದ ಮನೆಯೊಡತಿ, "ಏನ್ ಹಚ್ಕೊಂಡ್ ಬಂದಿದ್ದೀರಣ್ಣ? ಮೊದ್ಲು ಆಚೆ ಬನ್ನಿ" ಎಂದು ನನ್ನನ್ನು ಅಂಗಳಕ್ಕೆ ಇಳಿಸಿದರು. ಸೊಳ್ಳೆ ಔಷಧ, ಹೊಗೆಸೊಪ್ಪು, ಕೀಟನಾಶಕ, ಇವುಗಳ ಸೋಂಕು ಕೂಡ ರೇಷ್ಮೆ ಹುಳುವಿಗೆ ಆಗಿಬರುವುದಿಲ್ಲ. ತಿಂಗಳ ದುಡಿಮೆ ನನ್ನ ಮೊಣಕೈಯಿಂದ ಹಾಳಾಗುವುದಿತ್ತು. ಸ್ನಾನ ಮಾಡಿ ಮರುವಾರ ಹೋದೆ. ಕಾಲನ್ನು ಸೋಂಕುನಿವಾರಕದಲ್ಲಿ ಅದ್ದಿಸಿ, ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣ ನುಗ್ಗದಂತೆ ಬಲೆಯ ಬಾಗಿಲನ್ನು ಬೆನ್ನ ಹಿಂದೆಯೇ ಮುಚ್ಚಿಸಿ, ಆಮೇಲೆ ಒಳಗೆ ಬಿಟ್ಟರು.

ಹುಳು ನಾಲ್ಕು ಸಲ ಪೊರೆ ಕಳಚುತ್ತದೆ. ರೈತರು ಅದಕ್ಕೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕುಳಿತ ಹುಳು ತಲೆಯೆತ್ತಿ ಸುಮಾರು ಒಂದು ದಿನ ಅಲುಗಾಡದೆ ಇರುವುದರಿಂದ, ಪಕ್ಕೆಯ ಉದ್ದಕ್ಕೂ ಸಾಲಾಗಿರುವ ಉಸಿರಾಟದ ಕರಿ ರಂಧ್ರಗಳನ್ನು ತೆಗೆಯಲು ಅದೇ ಸಮಯ. ಒಂದು ಕಡೆಗೆ ಒಂಬತ್ತು ರಂಧ್ರಗಳಿರುತ್ತವೆ, ಎಣಿಸಿ ನೋಡಿ. ನಾಲ್ಕನೆಯ ಜ್ವರ ಎದ್ದ ಮೇಲೆ ಒಂದು ವಾರದ ಹೊತ್ತಿಗೆ ಹುಳು ಹಣ್ಣಾಗುತ್ತದೆ, ಅಂದರೆ ಸೊಪ್ಪು ಬಿಟ್ಟು, ಮೈ ಅರೆಪಾರದರ್ಶಕವಾಗಿ, ಹಿಂದಿನಿಂದ ಬೆಳಕು ಬಿಟ್ಟರೆ ದ್ರಾಕ್ಷಿಯಂತೆ ಕಾಣುತ್ತದೆ. ಆಗ ಅದನ್ನು ಚಂದ್ರಿಕೆಗೆ ಬಿಡುತ್ತಾರೆ. ಬಿದಿರಿನ ಆ ಸುತ್ತುಗಳ ನಡುವೆ ಹುಳು ತಲೆಯನ್ನು ಇಂಗ್ಲಿಷಿನ ಎಂಟರಂತೆ ಆಡಿಸುತ್ತ ಎರಡು ಮೂರು ದಿನಗಳಲ್ಲಿ ಗೂಡು ಮುಗಿಸುತ್ತದೆ. ಮೊದಲ ದಿನ ಮಾತ್ರ ಗೂಡಿನ ಗೋಡೆಯ ಮೂಲಕ ಒಳಗಿನ ಹುಳು ನೆರಳಿನಂತೆ ಕಾಣುತ್ತದೆ. ನಾನು ಇಡೀ ಜಿಲ್ಲೆಯಲ್ಲಿ ಇದಕ್ಕಿಂತ ಚಂದದ ದೃಶ್ಯ ಕಂಡಿಲ್ಲ, ನಂದಿಬೆಟ್ಟದ ಸೂರ್ಯೋದಯವೂ ಸೇರಿದಂತೆ. ಒಳ್ಳೆಯ ದ್ವಿತಳಿ (ಸಹಜವಾಗಿ ವರ್ಷಕ್ಕೆರಡು ಪೀಳಿಗೆಯ ತಳಿ) ಗೂಡೊಂದರಲ್ಲಿ ಸುಮಾರು ಒಂದು ಕಿಲೋಮೀಟರಿನಷ್ಟು ಉದ್ದದ ಎಳೆ ಇರುತ್ತದೆ. ಬಿಳಿಗೂಡು ದ್ವಿತಳಿಯದು, ಹಳದಿ ಗೂಡು ಮಿಶ್ರತಳಿಯದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಅಡ್ಡ ಬೆಳಕಿನಲ್ಲಿ ತೆಗೆದರೆ ಮೇಲ್ಮೈಯ ಸುಕ್ಕುಗಳು ಎದ್ದು ಬರುತ್ತವೆ.

ರೇಷ್ಮೆ ನೂಲುವ ಇನ್ನೊಂದು ಜೀವ ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿದೆ. ಎಲೆಗಳನ್ನು ಸೇರಿಸಿ ಗೂಡು ಹೊಲಿಯುವ ಕೆಂಜಿಗ ತನ್ನ ಮರಿಯನ್ನೇ ಬಾಯಲ್ಲಿ ಹಿಡಿದು, ಅದು ಸುರಿಸುವ ಎಳೆಯಿಂದ ಎಲೆಗೆ ಎಲೆ ಅಂಟಿಸುತ್ತದೆ. ಹತ್ತಿರ ಹೋಗುವ ಮುನ್ನ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಿ.

ನನಗೆ ಹುಳಗಳೆಂದರೆ ಅಸಹ್ಯ. ಜೀವವಿಲ್ಲದ ವಸ್ತುಗಳಲ್ಲಿ ಏನು ತೆಗೆಯಬಹುದು?

ಕೈಗೆ ಸಿಕ್ಕಿದ್ದನ್ನು. ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ 1930ರಲ್ಲಿ ಒಂದು ದೊಣ್ಣೆಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗಿಟ್ಟು ತೆಗೆದ ಕಪ್ಪುಬಿಳುಪು ಚಿತ್ರ ಇಂದಿಗೂ ಜಗತ್ತಿನ ಪ್ರಸಿದ್ಧ ಛಾಯಾಚಿತ್ರಗಳಲ್ಲಿ ಒಂದು. ನೋಡಿದವರಿಗೆ ಅದು ಬೆನ್ನು ಬಾಗಿಸಿ ಕುಳಿತ ಮನುಷ್ಯನಂತೆ ಕಾಣುತ್ತದೆ. ಆಲಿಕೆಯ ಒಳಮೈ ಬೆಳಕನ್ನು ಎಲ್ಲ ಕಡೆಯಿಂದಲೂ ಹಿಂದಿರುಗಿಸಿ ಕಾಯಿಯ ಉಬ್ಬುತಗ್ಗುಗಳನ್ನು ತಿದ್ದಿತು. ಚಿಕ್ಕಬಳ್ಳಾಪುರದ ಪಾಲಿಹೌಸುಗಳಿಂದ ದಿನವೂ ಲಾರಿಗಟ್ಟಲೆ ಹೋಗುವ ಕಾಯಿಯೂ ಅದೇ. ಸೀಮೆಎಣ್ಣೆ ಅಳೆಯುವ ಆಲಿಕೆ ಅಟ್ಟದ ಮೇಲೆ ಇದ್ದರೆ ಕೆಳಗಿಳಿಸಿ.

ಅಡುಗೆಮನೆಯಲ್ಲಿಯೇ ಒಂದು ವರ್ಷಕ್ಕಾಗುವಷ್ಟು ಕೆಲಸವಿದೆ. ರಾಗಿಕಾಳನ್ನು ದೊಡ್ಡದು ಮಾಡಿ ನೋಡಿದರೆ ಅದು ನುಣುಪಲ್ಲ, ಗುಳಿಬಿದ್ದ ಒರಟು ಗೋಲ. ಅಡ್ಡಬೆಳಕಿನಲ್ಲಿ ಕೆಂಪು ಗ್ರಹದಂತೆ ಕಾಣುತ್ತದೆ. ಹರಳುಪ್ಪಿನ ಚೌಕಗಳು, ಬಿಡಿಸಿದ ಹುಣಸೆಬೀಜದ ಎಣ್ಣೆಗಪ್ಪು, ಈರುಳ್ಳಿ ಸಿಪ್ಪೆಯನ್ನು ಕಿಟಕಿಗೆ ಹಿಡಿದಾಗ ಕಾಣುವ ನರಗಳು, ತಿಪಟೂರಿನ ಕೊಬ್ಬರಿ ಹೋಳಿನ ಸುಕ್ಕು, ಇವೆಲ್ಲ ಕಿಟಕಿಯ ಬೆಳಕೊಂದರಲ್ಲೇ ಆಗುವ ಚಿತ್ರಗಳು. ಮಸಾಲೆ ಡಬ್ಬಿಯ ಕಲ್ಲುಹೂವನ್ನು ಮರೆಯಬೇಡಿ. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಆ ಜೀವದ ಬಳಗದವೇ ಕೋಲಾರದ ಅಂತರಗಂಗೆಯ ಬಂಡೆಗಳ ಮೇಲೆ ಬೂದು, ಹಳದಿ, ಕಿತ್ತಳೆ ವರ್ತುಲಗಳಾಗಿ ಹಬ್ಬಿವೆ. ಕೆಲವು ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ಬೆಳೆಯುವುದಿಲ್ಲವಾದ್ದರಿಂದ, ಬಂಡೆಯ ಮೇಲೆ ಹೆಸರು ಕೆತ್ತುವವರು ಕೆರೆದು ಹಾಕುವುದು ತಮ್ಮ ತಾತನಿಗಿಂತ ಹಿರಿಯದನ್ನು.

ಹೊರಗೆ ಬಂದರೆ ತಗಡಿನ ಶೀಟಿನ ತುಕ್ಕು, ಬಣ್ಣ ಚಕ್ಕೆಯೆದ್ದ ಬಾಗಿಲು, ಟೊಮೆಟೊ ಕ್ರೇಟಿನ ನೆರಳು. ಇಲ್ಲಿ ಒಂದು ಅಪಾಯವಿದೆ. ಏನೆಂದು ಗುರುತೇ ಸಿಗದಷ್ಟು ಹತ್ತಿರ ಹೋಗಿ, ಒಗಟಿನಂತೆ ತೋರಿಸಿ ಬೆರಗುಗೊಳಿಸುವ ಚಪಲ ಹತ್ತುತ್ತದೆ. ಒಗಟು ಬಿಡಿಸಿದ ಮೇಲೂ ನೋಡಬೇಕೆನಿಸಿದರೆ ಮಾತ್ರ ಆ ಚಿತ್ರವನ್ನು ಉಳಿಸಿಕೊಳ್ಳಿ.

ಹುಳದ ಹಿಂದೆ ಕಸಕಡ್ಡಿ, ಒಣ ಎಲೆ ಬಂದು ಚಿತ್ರ ಕೆಡುತ್ತದೆ. ಏನು ಮಾಡಲಿ?

ಮಂಡಿಯೂರಿ. ನಿಂತು ಮೇಲಿನಿಂದ ತೆಗೆದ ಚಿತ್ರದಲ್ಲಿ ಹಿನ್ನೆಲೆ ನೆಲವೇ ಆಗಿರುತ್ತದೆ. ಹುಳದ ಕಣ್ಣಿನ ಮಟ್ಟಕ್ಕೆ ಇಳಿದರೆ ಹಿನ್ನೆಲೆ ಹತ್ತಡಿ ದೂರ ಸರಿದು ತಾನಾಗಿಯೇ ಕರಗುತ್ತದೆ. ಅಡ್ಡ ಬಂದ ಒಂದು ಹುಲ್ಲನ್ನು ಬೆರಳಿನಿಂದ ಸರಿಸಿ ಹಿಡಿಯಿರಿ, ಕೀಳಬೇಡಿ. ನಿಮ್ಮ ನೆರಳು ಹುಳದ ಮೇಲೆ ಬೀಳದಿರಲಿ, ಅದು ಹಕ್ಕಿ ಬಂತೆಂದೇ ತಿಳಿಯುತ್ತದೆ.

ಹಲವು ಚಿತ್ರಗಳನ್ನು ಸೇರಿಸಿ ಒಂದು ಮಾಡುವುದು ಮೋಸವಲ್ಲವೇ?

ಫೋಕಸ್ ಸ್ಟ್ಯಾಕಿಂಗ್ ಎಂದರೆ ಫೋಕಸನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ ತೆಗೆದ ಚಿತ್ರಗಳ ಸ್ಪಷ್ಟ ಭಾಗಗಳನ್ನು ಕೂಡಿಸುವುದು. ಹೆಲಿಕಾನ್ ಫೋಕಸ್, ಜೀರೀನ್ ಸ್ಟ್ಯಾಕರ್ ಮುಂತಾದ ತಂತ್ರಾಂಶಗಳು ಆ ಕೆಲಸ ಮಾಡುತ್ತವೆ. ಇಲ್ಲದ್ದನ್ನು ಸೇರಿಸದಿರುವ ತನಕ ನನಗೆ ಅದರಲ್ಲಿ ಮೋಸ ಕಾಣುವುದಿಲ್ಲ. ಎಲ್ಲವೂ ತುದಿಯಿಂದ ತುದಿಗೆ ಸ್ಪಷ್ಟವಾಗಿರುವ ಚಿತ್ರ ಹಲವೊಮ್ಮೆ ಪಠ್ಯಪುಸ್ತಕದ ಚಿತ್ರದಂತೆ ನಿರ್ಜೀವವಾಗಿರುತ್ತದೆ ಎಂಬುದು ಬೇರೆ ಮಾತು.

ಇದರಲ್ಲಿ ಅಪಾಯವೇನಾದರೂ ಇದೆಯೇ?

ಹೆಜ್ಜೇನು. ಬಂಡೆಯ ಅಂಚು, ನೀರಿನ ಟ್ಯಾಂಕು, ದೊಡ್ಡ ಮರಗಳಲ್ಲಿ ಕಟ್ಟಿರುವ ಹುಟ್ಟಿನ ಹತ್ತಿರ ಫ್ಲಾಶ್ ಹೊಡೆಯುವುದು, ಹೊಗೆಯೆಬ್ಬಿಸುವುದು, ಸುಗಂಧ ಪೂಸಿಕೊಂಡು ಹೋಗುವುದು ಬೇಡವೇ ಬೇಡ. ಒಂದು ಕುಟುಕಿದರೆ ಆ ವಾಸನೆಗೆ ಉಳಿದವು ಬರುತ್ತವೆ. ಕಂಬಳಿಹುಳುವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕಲ್ಲನ್ನು ಎತ್ತುವುದಾದರೆ ನಿಮ್ಮ ಕಡೆಗೆ ಮಗುಚಿ ಎತ್ತಿ, ಅಡಿಯಲ್ಲಿರುವುದು ಆಚೆ ಹೋಗಲು ದಾರಿ ಇರಲಿ. ಎತ್ತಿದ್ದನ್ನು ಇದ್ದ ಹಾಗೆಯೇ ಇಡಿ.

ಅನುಮತಿ ಬೇಕೇ?

ರಸ್ತೆಬದಿಯ ಬೇಲಿಗೆ ಬೇಡ. ಹೊಲ ತೋಟಗಳಿಗೆ ಹೊಲದವರನ್ನು ಕೇಳಿಯೇ ಇಳಿಯಬೇಕು. ದೇವರಾಯನದುರ್ಗ, ನಾಮದ ಚಿಲುಮೆಯ ಸುತ್ತಲಿನದು ಅರಣ್ಯ ಇಲಾಖೆಯ ಕಾಡು. ದಾರಿ ಬಿಟ್ಟು ಒಳಗೆ ಹೋಗುವುದಾದರೆ ಇಲಾಖೆಯವರನ್ನು ಕೇಳಬೇಕು, ಒಳಗಿನಿಂದ ಏನನ್ನೂ ಎತ್ತಿ ತರಬಾರದು. ಕೆಲವು ಚಿಟ್ಟೆ, ದುಂಬಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ.

ತೆಗೆದ ಹುಳದ ಹೆಸರು ತಿಳಿಯುವುದು ಹೇಗೆ? ತಿಳಿಯಲೇಬೇಕೇ?

ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲಿ ಚಿತ್ರವನ್ನು ಹಾಕಿದರೆ ಬಲ್ಲವರು ಗುರುತಿಸಿಕೊಡುತ್ತಾರೆ. ಬೆನ್ನು, ಪಕ್ಕ, ಮುಖ ಮೂರೂ ಕೋನಗಳ ಚಿತ್ರವಿರಲಿ, ಯಾವ ಗಿಡದ ಮೇಲಿತ್ತೆಂಬುದನ್ನೂ ಬರೆಯಿರಿ. ಗಿಡದ ಹೆಸರಿನಿಂದಲೇ ಅರ್ಧ ಕೆಲಸ ಮುಗಿಯುತ್ತದೆ.

ತಿಳಿಯಲೇಬೇಕೇ ಎಂದರೆ, ಹೌದು ಎನ್ನುತ್ತೇನೆ. ಒಮ್ಮೆ ಅವರೆ ಹೊಲದಲ್ಲಿ ಚಿಗುರಿನ ತುಂಬ ಕರಿ ಸಸ್ಯಹೇನು, ಅವುಗಳ ನಡುವೆ ಕಪ್ಪು ಮೈಮೇಲೆ ಕಿತ್ತಳೆ ಚುಕ್ಕೆಯ, ಮೊಸಳೆಯ ಮರಿಯಂತೆ ಮುಳ್ಳುಮುಳ್ಳಾದ ಹುಳು. ಹೊಲದ ಯಜಮಾನರು ಅದನ್ನೇ ರೋಗದ ಮೂಲವೆಂದು ತಿಳಿದು ಔಷಧ ಹೊಡೆಯಲು ಡ್ರಮ್ಮಿನಲ್ಲಿ ನೀರು ತುಂಬಿಸುತ್ತಿದ್ದರು. ಕ್ಯಾಮೆರಾದ ಪರದೆಯ ಮೇಲೆ ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದೆ: ಆ ಮೊಸಳೆಮರಿಯ ಬಾಯಲ್ಲಿ ಒಂದು ಸಸ್ಯಹೇನು ಕಾಲಾಡಿಸುತ್ತಿತ್ತು. ಅದು ಗುಲಗಂಜಿ ಹುಳುವಿನ ಮರಿ ಎಂದಾಗ ಅವರು ನಂಬಲಿಲ್ಲ. ಪಕ್ಕದ ಎಲೆಯಲ್ಲಿ ಕೋಶದಿಂದ ಆಗಷ್ಟೇ ಹೊರಬಂದು, ಇನ್ನೂ ಚುಕ್ಕೆ ಮೂಡದ ಹಳದಿ ಗುಲಗಂಜಿಯೊಂದನ್ನು ಕಂಡ ಮೇಲೆ, "ಆ ಮೂಲೆ ನಾಲ್ಕು ಸಾಲು ಬಿಟ್ಟು ನೋಡ್ತೀನಿ" ಎಂದರು.

ಮಕ್ಕಳನ್ನು ಕರೆತರಬಹುದೇ?

ಖಂಡಿತವಾಗಿ. ಅವರಿಗೆ ಮಂಡಿಯೂರಲು ಹೇಳಿಕೊಡಬೇಕಾಗಿಲ್ಲ. ಹಳ್ಳಿಯ ಗುಡಿಯೊಂದರ ಜಗಲಿಯ ಕೆಳಗೆ, ಮಳೆ ತಾಗದ ನುಣ್ಣನೆಯ ಮಣ್ಣಿನಲ್ಲಿ, ಆಲಿಕೆಯಾಕಾರದ ಸಣ್ಣ ಗುಳಿಗಳಿದ್ದವು. ನಾನು ಎಷ್ಟೋ ಸಲ ಅವುಗಳ ಪಕ್ಕದಲ್ಲಿಯೇ ಚಪ್ಪಲಿ ಬಿಟ್ಟಿದ್ದೆ. ಜೊತೆಗೆ ಬಂದಿದ್ದ ಎಂಟು ವರ್ಷದ ಹುಡುಗಿ ಬೋರಲು ಮಲಗಿ, "ಮಾಮ, ಒಳಗಿಂದ ಯಾರೋ ಮಣ್ಣೆಸೀತಾವ್ರೆ" ಎಂದಳು. ಗುಳಿಯ ಅಂಚಿನಲ್ಲಿ ಇರುವೆಯೊಂದು ಜಾರುತ್ತಿತ್ತು, ತಳದಲ್ಲಿ ಮೈಯೆಲ್ಲ ಹೂತು ಇಕ್ಕಳದಂಥ ದವಡೆಯನ್ನಷ್ಟೇ ಹೊರಗಿಟ್ಟಿದ್ದ ಇರುವೆಸಿಂಹದ ಮರಿ ಅದರ ಮೇಲೆ ಮರಳು ಚಿಮ್ಮಿಸಿ ಕೆಳಗೆ ಬೀಳಿಸುತ್ತಿತ್ತು. ನಾನು ರಿಂಗು ತಿರುಗಿಸಿ ಲೆನ್ಸು ಜೋಡಿಸುವ ಹೊತ್ತಿಗೆ ಇರುವೆ ಒಳಗೆ ಹೋಗಿಯಾಗಿತ್ತು. ನನ್ನ ಚಿತ್ರದಲ್ಲಿರುವುದು ಖಾಲಿ ಗುಳಿ, ಅದರ ಅಂಚಿನಲ್ಲಿ ಆ ಹುಡುಗಿಯ ಉಸಿರಿಗೆ ಉದುರುತ್ತಿರುವ ನಾಲ್ಕಾರು ಮರಳಿನ ಕಣಗಳು.